ಬಿಷ್ಕೆಕ್: ಕಡಗೋಲಿನ ಹೆಸರು ಹೊತ್ತ ರಾಜಧಾನಿ

ನೀಟ್ ಫಲಿತಾಂಶ ಬಂದ ವಾರ ಬಳ್ಳಾರಿಯ ಸತ್ಯನಾರಾಯಣಪೇಟೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಟೀಪಾಯಿಯ ಮೇಲೆ ಅಂಕಪಟ್ಟಿ. ಅದರ ಪಕ್ಕದಲ್ಲಿ ಬಣ್ಣಬಣ್ಣದ ಒಂದು ಕರಪತ್ರ. ಕರಪತ್ರದ ಮೇಲೆ ಹಿಮ ಹೊದ್ದ ಬೆಟ್ಟ, ಅದರ ಕೆಳಗೆ ಬಿಳಿ ಕೋಟು ತೊಟ್ಟು ನಗುತ್ತಿರುವ ನಾಲ್ಕು ಜನ ವಿದ್ಯಾರ್ಥಿಗಳು. ಅಂಕ ಸರ್ಕಾರಿ ಸೀಟಿಗೆ ಸಾಲದು. ಖಾಸಗಿ ಕಾಲೇಜಿನ ಶುಲ್ಕ ತಂದೆಯ ಕೈಗೆ ಎಟುಕದು. ಕರಪತ್ರ ತಂದವರು ಫೀಜು, ಹಾಸ್ಟೆಲು, ವೀಸಾ ಎಲ್ಲವನ್ನೂ ಹೇಳಿ ಹೋಗಿದ್ದಾರೆ. ಅವರು ಹೋದ ಮೇಲೆ ಮಗಳು ಕೇಳುತ್ತಾಳೆ: "ಅಪ್ಪಾ, ಆ ಊರು ಹೆಂಗೈತಂತೆ?"

ಅಪ್ಪನ ಹತ್ತಿರ ಉತ್ತರವಿಲ್ಲ. ಕರಪತ್ರದಲ್ಲೂ ಇಲ್ಲ.

ಇಂಥ ಪ್ರಶ್ನೆ ಈಗ ಬಳ್ಳಾರಿಯ ಪೇಟೆಗಳಲ್ಲಷ್ಟೇ ಅಲ್ಲ, ಸಿರುಗುಪ್ಪದ ಭತ್ತದ ರೈತರ ಮನೆಯಲ್ಲೂ ಕುರುಗೋಡಿನ ಮೆಣಸಿನಕಾಯಿ ಬೆಳೆಗಾರರ ಮನೆಯಲ್ಲೂ ಏಳುವಂಥದ್ದು. ಮಧ್ಯ ಏಷ್ಯಾದ ಪುಟ್ಟ ದೇಶ ಕಿರ್ಗಿಸ್ತಾನದಲ್ಲಿ ಇತ್ತೀಚಿನ ವರ್ಷಗಳಲ್ಲಿ ಸುಮಾರು 15 ಸಾವಿರ ಭಾರತೀಯ ವಿದ್ಯಾರ್ಥಿಗಳು ಓದುತ್ತಿದ್ದರು. ಅವರಲ್ಲಿ ಬಹುಪಾಲು ವೈದ್ಯಕೀಯ ವಿದ್ಯಾರ್ಥಿಗಳು. ಅವರಲ್ಲಿ ಕನ್ನಡ ನಾಡಿನವರೂ ಇದ್ದಾರೆ. ಈ ದೇಶದ ರಾಜಧಾನಿಯೇ ಬಿಷ್ಕೆಕ್. ಐದಾರು ವರ್ಷ ಮಗುವನ್ನು ಒಂದು ಊರಿಗೆ ಒಪ್ಪಿಸುವ ಮೊದಲು ಕಾಲೇಜಿನ ವಿವರದಷ್ಟೇ ಊರಿನ ವಿವರವನ್ನೂ ತಿಳಿಯುವುದು ಒಳ್ಳೆಯದಲ್ಲವೇ? ಬನ್ನಿ, ಆ ಊರನ್ನೊಮ್ಮೆ ನೋಡಿಕೊಂಡು ಬರೋಣ.

ಎಲ್ಲಿದೆ ಈ ಊರು?

ಭೂಪಟದಲ್ಲಿ ಕಾಶ್ಮೀರದಿಂದ ನೇರ ಉತ್ತರಕ್ಕೆ ಬೆರಳು ಸರಿಸಿ. ಕಾರಕೋರಂ ದಾಟಿ, ಚೀನಾದ ಪಶ್ಚಿಮ ಅಂಚನ್ನು ಮುಟ್ಟಿ, ಟಿಯಾನ್‌ಶಾನ್ ಎಂಬ ಇನ್ನೊಂದು ಮಹಾಪರ್ವತ ಸಾಲನ್ನು ಹತ್ತಿ ಇಳಿದರೆ ಸಿಗುವ ಬಯಲೇ ಚುಯ್ ಕಣಿವೆ. ಆ ಕಣಿವೆಯಲ್ಲಿ, ಬೆಟ್ಟದ ಬುಡದಲ್ಲಿ, ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ ಬಿಷ್ಕೆಕ್. ಕಜಾಕಸ್ತಾನದ ಗಡಿ ಇಲ್ಲಿಂದ ಕೂಗಳತೆಯಲ್ಲಿದೆ. ದೆಹಲಿಯಿಂದ ನೇರ ವಿಮಾನ ಸಿಕ್ಕರೆ ಮೂರ್ನಾಲ್ಕು ಗಂಟೆಯ ಹಾದಿ. ಬಳ್ಳಾರಿಯಿಂದ ಬೆಂಗಳೂರಿಗೆ ಹೋಗುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು! ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಕೇವಲ ಅರ್ಧ ಗಂಟೆ ಮುಂದೆ. ಹಾಗಾಗಿ ಮನೆಯವರು ಫೋನು ಮಾಡಲು ನಡುರಾತ್ರಿ ಏಳಬೇಕಾಗಿಲ್ಲ.

ಕಿರ್ಗಿಸ್ತಾನದ ವಿಸ್ತೀರ್ಣ ಸುಮಾರು 2 ಲಕ್ಷ ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ವಿಸ್ತೀರ್ಣ ಸುಮಾರು 1.92 ಲಕ್ಷ ಚದರ ಕಿಲೋಮೀಟರ್. ಹೆಚ್ಚು ಕಡಿಮೆ ಎರಡೂ ಸಮ. ಆದರೆ 2011ರ ಜನಗಣತಿಯಲ್ಲಿಯೇ ಕರ್ನಾಟಕದ ಜನಸಂಖ್ಯೆ 6 ಕೋಟಿ ದಾಟಿತ್ತು. ಕಿರ್ಗಿಸ್ತಾನದಲ್ಲಿ ಇಂದಿಗೂ ಇರುವವರು 70 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಜನ. ಕಾರಣ ಸರಳ. ದೇಶದ ಹತ್ತರಲ್ಲಿ ಒಂಬತ್ತು ಪಾಲು ಬೆಟ್ಟ. ಬಾಳುವ ನೆಲ ಕಡಿಮೆ. ಇದ್ದ ಜನರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಬಿಷ್ಕೆಕ್ ಒಂದರಲ್ಲೇ ಇದ್ದಾರೆ. 2011ರಲ್ಲಿ ಬಳ್ಳಾರಿ ನಗರದ ಜನಸಂಖ್ಯೆ 4 ಲಕ್ಷ ದಾಟಿತ್ತು. ಅಂದರೆ ಆಗಿನ ಎರಡೂವರೆ ಬಳ್ಳಾರಿಗಿಂತ ದೊಡ್ಡ ಊರು ಎಂದು ಲೆಕ್ಕ ಹಾಕಿಕೊಳ್ಳಿ.

ಊರಿನ ದಕ್ಷಿಣಕ್ಕೆ ಗೋಡೆಯಂತೆ ನಿಂತಿರುವುದು ಕಿರ್ಗಿಜ್ ಅಲಾತೂ ಪರ್ವತ ಸಾಲು. ಅದರ ಅತಿ ಎತ್ತರದ ಶಿಖರ 4,800 ಮೀಟರ್ ದಾಟುತ್ತದೆ. ಕರ್ನಾಟಕದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 2,000 ಮೀಟರಿಗೂ ಕಡಿಮೆ ಎಂಬುದನ್ನು ನೆನೆದರೆ ಈ ಗೋಡೆಯ ಎತ್ತರ ಅರ್ಥವಾದೀತು. ಕೋಟೆಗುಡ್ಡದ ಏಕಶಿಲೆಯನ್ನು ಬೆಳಗೂ ಬೈಗೂ ನೋಡಿ ಬೆಳೆದ ಬಳ್ಳಾರಿಯ ಮಕ್ಕಳಿಗೆ ಬೆಟ್ಟ ನೋಡಿ ದಿಕ್ಕು ತಿಳಿಯುವ ಅಭ್ಯಾಸ ಇದ್ದೇ ಇದೆ. ಬಿಷ್ಕೆಕ್‌ನಲ್ಲಿಯೂ ಹಾಗೆಯೇ. ಬೆಟ್ಟ ಕಂಡ ಕಡೆ ದಕ್ಷಿಣ!

ಕಡಗೋಲು, ಕೋಟೆ, ಸೇನಾನಿ

ಊರಿನ ಹೆಸರಿನ ಹಿಂದೆ ಒಂದು ಸ್ವಾರಸ್ಯವಿದೆ. ಕಿರ್ಗಿಜರು ಕುದುರೆ ಸಾಕುವ ಅಲೆಮಾರಿಗಳಾಗಿದ್ದವರು. ಹೆಣ್ಣು ಕುದುರೆಯ ಹಾಲನ್ನು ಹುಳಿ ಬರಿಸಿ, ಕಡೆದು, 'ಕುಮಿಸ್' ಎಂಬ ಪೇಯ ಮಾಡುತ್ತಾರೆ. ಆ ಹಾಲನ್ನು ಕಡೆಯುವ ಮರದ ಕಡಗೋಲಿಗೆ 'ಪಿಷ್ಪೆಕ್' ಅಥವಾ 'ಬಿಷ್ಕೆಕ್' ಎಂದು ಹೆಸರು. ಊರಿಗೆ ಅದೇ ಹೆಸರು ಬಂತೆಂದು ಜನ ಹೇಳುತ್ತಾರೆ. ಪಂಡಿತರಲ್ಲಿ ಈ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿವೆ. ಆದರೂ ಕಡಗೋಲಿನ ಹೆಸರಿನ ರಾಜಧಾನಿ ಜಗತ್ತಿನಲ್ಲಿ ಇನ್ನೊಂದು ಇರಲಾರದು.

1825ರಲ್ಲಿ ಕೋಕಂದ್‌ನ ಖಾನರು ಇಲ್ಲಿ ಮಣ್ಣಿನ ಕೋಟೆಯೊಂದನ್ನು ಕಟ್ಟಿದರು. ವ್ಯಾಪಾರದ ಹಾದಿಯ ಮೇಲೆ ಕಣ್ಣಿಡುವುದು, ಕಂದಾಯ ವಸೂಲಿ ಮಾಡುವುದು ಅದರ ಉದ್ದೇಶ. ಉತ್ತರದಿಂದ ಬಂದ ರಷ್ಯಾದ ಸೇನೆ 1862ರಲ್ಲಿ ಆ ಕೋಟೆಯನ್ನು ಕೆಡವಿತು. ಬಳಿಕ ರಷ್ಯಾದ ರೈತರು ಬಂದು ನೆಲೆಸಿದರು. 1878ರಲ್ಲಿ ಪಿಷ್ಪೆಕ್‌ಗೆ ಪಟ್ಟಣದ ಸ್ಥಾನ ದೊರೆಯಿತು.

ಈ ಪಟ್ಟಣದಲ್ಲಿ 1885ರಲ್ಲಿ ಹುಟ್ಟಿದ ಮಿಖಾಯಿಲ್ ಫ್ರುಂಜೆ ಎಂಬಾತ ಮುಂದೆ ಸೋವಿಯತ್ ಕೆಂಪು ಸೇನೆಯ ಹೆಸರಾಂತ ದಂಡನಾಯಕನಾದ. ಆತ ತೀರಿಕೊಂಡ ಮೇಲೆ 1926ರಲ್ಲಿ ಊರಿಗೆ 'ಫ್ರುಂಜೆ' ಎಂದೇ ನಾಮಕರಣವಾಯಿತು. ಇಲ್ಲೊಂದು ತಮಾಷೆ ಇದೆ. ಕಿರ್ಗಿಜ್ ಭಾಷೆಗೆ 'ಫ' ಎಂಬ ಉಚ್ಚಾರ ಹೊರಗಿನದು. ನಮ್ಮ ಹಳ್ಳಿಯವರು ಫೋನನ್ನು 'ಪೋನು' ಎಂದಂತೆ ಅವರು ತಮ್ಮ ರಾಜಧಾನಿಯನ್ನು 'ಪುರುಂಜೆ' ಎನ್ನುತ್ತಿದ್ದರು. ತಮ್ಮ ನಾಲಗೆಗೆ ಒಗ್ಗದ ಹೆಸರನ್ನು ಆ ಊರಿನವರು 65 ವರ್ಷ ಹೊತ್ತರು. 1991ರ ಫೆಬ್ರವರಿಯಲ್ಲಿ ಹಳೆಯ ಹೆಸರು ಹೊಸ ರೂಪದಲ್ಲಿ ಮರಳಿತು; ಅದೇ ವರ್ಷ ಆಗಸ್ಟ್ 31ರಂದು ದೇಶ ಸ್ವತಂತ್ರವಾಯಿತು. ಆ ಮೇಲೂ ಎಷ್ಟೋ ವರ್ಷ ಬಿಷ್ಕೆಕ್‌ಗೆ ಹೋಗುವ ವಿಮಾನದ ಟಿಕೆಟ್ಟಿನ ಮೇಲೆ 'ಎಫ್‌ಆರ್‌ಯು' ಎಂಬ ಹಳೆಯ ಹೆಸರಿನ ಗುರುತೇ ಅಚ್ಚಾಗುತ್ತಿತ್ತು.

ಸೋವಿಯತ್ ಕಾಲದಲ್ಲಿ ಊರು ಬೆಳೆದ ಕಥೆಯೂ ಕುತೂಹಲಕರ. 1925ರಲ್ಲಿ ಯುರೋಪಿನ ಚೆಕೊಸ್ಲೊವಾಕಿಯಾದಿಂದ ಕಾರ್ಮಿಕರ ಸಹಕಾರ ಸಂಘವೊಂದು ರೈಲಿನಲ್ಲಿ ಇಲ್ಲಿಗೆ ಬಂದಿಳಿಯಿತು. 'ಇಂಟರ್‌ಹೆಲ್ಪೊ' ಎಂಬ ಈ ಸಂಘದವರು ಕಾರ್ಖಾನೆ, ಮನೆ, ಶಾಲೆಗಳನ್ನು ಕಟ್ಟಿದರು. ಅವರ ಜೊತೆ ಬಂದ ಒಂದು ಪುಟ್ಟ ಮಗು ಅಲೆಕ್ಸಾಂಡರ್ ದುಬ್ಚೆಕ್. 1968ರಲ್ಲಿ ಚೆಕೊಸ್ಲೊವಾಕಿಯಾದ ನಾಯಕನಾಗಿ ಸುಧಾರಣೆಗೆ ಹೊರಟು, ಸೋವಿಯತ್ ಟ್ಯಾಂಕುಗಳನ್ನು ಎದುರಿಸಬೇಕಾಗಿ ಬಂದ ಅದೇ ದುಬ್ಚೆಕ್! ಮಹಾಯುದ್ಧದ ಕಾಲದಲ್ಲಿ ಜರ್ಮನರ ದಾಳಿಗೆ ಸಿಕ್ಕ ಸೋವಿಯತ್ ಒಕ್ಕೂಟದ ಪಶ್ಚಿಮ ಭಾಗದಿಂದ ಕಾರ್ಖಾನೆಗಳೇ ಕಳಚಿ ಇಲ್ಲಿಗೆ ಬಂದವು. ಹೀಗೆ ಕೋಟೆಯೊಂದರ ಸುತ್ತಲಿನ ಹಳ್ಳಿ ಕಾರ್ಖಾನೆಗಳ ಊರಾಯಿತು.

ಪುಲಿಕೇಶಿಯನ್ನು ಬಣ್ಣಿಸಿದವನು ನಡೆದ ಹಾದಿ

ಇಷ್ಟು ದೂರದ ಊರಿಗೂ ನಮಗೂ ಏನು ನಂಟು ಎನ್ನುವಿರಾ? ಶಾಲೆಯ ಇತಿಹಾಸದ ಪುಸ್ತಕವನ್ನು ನೆನಪಿಸಿಕೊಳ್ಳಿ. ಇಮ್ಮಡಿ ಪುಲಿಕೇಶಿಯ ಪಾಠ ಬಂದಲ್ಲಿ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್‌ನ ಹೆಸರು ಬಂದೇ ಬರುತ್ತದೆ. ಪುಲಿಕೇಶಿಯ ಪ್ರಜೆಗಳ ಸ್ವಾಭಿಮಾನ, ಯುದ್ಧಕ್ಕೆ ಸಿದ್ಧವಾಗುವ ಆನೆಗಳು, ಹರ್ಷವರ್ಧನನಿಗೂ ಮಣಿಯದ ಆ ರಾಜನ ಬಲ ಎಲ್ಲವನ್ನೂ ಆತ ಬರೆದಿಟ್ಟಿದ್ದಾನೆ.

ಆತ ಭಾರತಕ್ಕೆ ಬಂದ ಹಾದಿ ಯಾವುದು ಗೊತ್ತೇ? ಟಿಯಾನ್‌ಶಾನ್ ಪರ್ವತದ ಹಿಮದ ಕಣಿವೆಗಳನ್ನು ದಾಟಿ, ಇಸ್ಸಿಕ್‌ಕುಲ್ ಎಂಬ ಮಹಾಸರೋವರದ ದಂಡೆಯಲ್ಲಿ ನಡೆದು, ಸುಮಾರು ಕ್ರಿ.ಶ. 630ರಲ್ಲಿ ಆತ ಇದೇ ಚುಯ್ ಕಣಿವೆಗೆ ಇಳಿದ. ಅಲ್ಲಿ ಸುಯಾಬ್ ಎಂಬ ಪಟ್ಟಣದಲ್ಲಿ ತುರ್ಕಿ ಖಾನನ ಆತಿಥ್ಯ ಪಡೆದು ಮುಂದೆ ಸಾಗಿದ. ಸುಯಾಬ್‌ನ ಅವಶೇಷಗಳು ಇಂದು ಬಿಷ್ಕೆಕ್‌ನ ಪೂರ್ವಕ್ಕೆ, ತೊಕ್ಮೊಕ್ ಪಟ್ಟಣದ ಹತ್ತಿರ, ಅಕ್‌ಬೇಶಿಮ್ ಎಂಬಲ್ಲಿವೆ. 2014ರಲ್ಲಿ ಯುನೆಸ್ಕೊ ಇದನ್ನು ರೇಷ್ಮೆ ಹಾದಿಯ ಇತರ ತಾಣಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಂದ ತುಸು ದೂರದಲ್ಲೇ ಬುರಾನಾ ಎಂಬ ಇಟ್ಟಿಗೆಯ ಹಳೆಯ ಗೋಪುರ ನಿಂತಿದೆ. ಬಾದಾಮಿಯ ಅರಸನನ್ನು ಬಣ್ಣಿಸಿದವನ ಕಾಲು ಸೋಕಿದ ಕಣಿವೆಗೆ ಸಾವಿರದ ನಾನೂರು ವರ್ಷಗಳ ನಂತರ ಕನ್ನಡದ ಮಕ್ಕಳು ಓದಲು ಹೋಗುತ್ತಿದ್ದಾರೆ. ಆತ ಬಂದದ್ದೂ ಓದುವುದಕ್ಕೇ ಅಲ್ಲವೇ!

ಬೀದಿಗಳಲ್ಲಿ ಒಂದು ಸುತ್ತು

ಬಿಷ್ಕೆಕ್‌ನ ನಡುಭಾಗ ಚದುರಂಗದ ಹಾಸಿನಂತಿದೆ. ನೇರ ರಸ್ತೆಗಳು ಒಂದನ್ನೊಂದು ಅಡ್ಡ ಕತ್ತರಿಸುತ್ತವೆ. ಹೊಸಬರಿಗೂ ದಾರಿ ತಪ್ಪುವುದು ಕಡಿಮೆ. ರಸ್ತೆಯ ಎರಡೂ ಬದಿಗೆ ಮರಗಳ ಸಾಲು. ಮರಗಳ ಬುಡದಲ್ಲಿ 'ಅರಿಕ್' ಎಂಬ ಕಿರುಗಾಲುವೆ. ಬೇಸಿಗೆಯಲ್ಲಿ ಬೆಟ್ಟದ ಹಿಮ ಕರಗಿದ ನೀರು ಈ ಕಾಲುವೆಗಳಲ್ಲಿ ಹರಿದು ಮರಗಳನ್ನು ತಣಿಸುತ್ತದೆ. ಮಳೆ ಕಡಿಮೆ ಇರುವ ಬಯಲಿನಲ್ಲಿ ಹಸಿರು ಉಳಿದಿರುವುದು ಹೀಗೆ. ತುಂಗಭದ್ರೆಯ ಕಾಲುವೆ ಬಂದ ಮೇಲೆ ನೆಲದ ಬಣ್ಣವೇ ಬದಲಾದುದನ್ನು ಕಂಡ ಸಿರುಗುಪ್ಪದ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರಿನ ಹೃದಯಭಾಗ ಅಲಾತೂ ಚೌಕ. 1984ರಲ್ಲಿ ಕಟ್ಟಿದ ಈ ವಿಶಾಲ ಚೌಕದ ನಡುವೆ ಹಿಂದೆ ಲೆನಿನ್ ಪ್ರತಿಮೆ ಕೈಚಾಚಿ ನಿಂತಿತ್ತು. 2003ರಲ್ಲಿ ಅದನ್ನು ಅಲ್ಲಿಯ ವಸ್ತುಸಂಗ್ರಹಾಲಯದ ಹಿಂಭಾಗಕ್ಕೆ ಸರಿಸಿದರು. 2011ರಲ್ಲಿ, ಸ್ವಾತಂತ್ರ್ಯದ 20ನೇ ವರ್ಷಕ್ಕೆ, ಕುದುರೆಯೇರಿದ ವೀರ ಮನಸ್‌ನ ಪ್ರತಿಮೆ ಚೌಕಕ್ಕೆ ಬಂತು. ಒಂದು ದೇಶ ತನ್ನನ್ನು ತಾನು ಹೇಗೆ ಕಾಣುತ್ತದೆ ಎಂಬುದನ್ನು ತಿಳಿಯಲು ಅದರ ಚೌಕದಲ್ಲಿ ಯಾರ ಪ್ರತಿಮೆಯಿದೆ ಎಂದು ನೋಡಿದರೆ ಸಾಕು.

ವ್ಯಾಪಾರ ನೋಡಬೇಕೆಂದರೆ ಓಶ್ ಬಜಾರಿಗೆ ಹೋಗಬೇಕು. ಒಣದ್ರಾಕ್ಷಿ, ಜರ್ದಾಳು, ಅಕ್ರೋಟ್, ಮಸಾಲೆ, ಆಗತಾನೆ ಒಲೆಯಿಂದ ತೆಗೆದ ದುಂಡನೆಯ ರೊಟ್ಟಿ. ಆ ರೊಟ್ಟಿಗೆ ಅವರೂ 'ನಾನ್' ಎಂದೇ ಹೇಳುತ್ತಾರೆ. ಊರಿನ ಉತ್ತರಕ್ಕಿರುವ ದೊರ್ದೊಯ್ ಬಜಾರಿನದು ಇನ್ನೊಂದು ಬೆರಗು. ಹಡಗಿನಲ್ಲಿ ಸರಕು ಸಾಗಿಸುವ ಕಬ್ಬಿಣದ ಕಂಟೈನರುಗಳನ್ನು ಒಂದರ ಮೇಲೊಂದು ಪೇರಿಸಿ ಮಾಡಿದ ಸಾವಿರಾರು ಅಂಗಡಿಗಳು! ಕೆಳಗಿನದು ಅಂಗಡಿ, ಮೇಲಿನದು ಗೋದಾಮು. ಕಡಲೇ ಇಲ್ಲದ ದೇಶದಲ್ಲಿ ಹಡಗಿನ ಪೆಟ್ಟಿಗೆಗಳ ಪೇಟೆ. ಚೀನಾದ ಸರಕು ಇಲ್ಲಿಗೆ ಬಂದು ಸುತ್ತಲ ದೇಶಗಳಿಗೆ ಹಂಚಿಕೆಯಾಗುತ್ತದೆ. ಅಲ್ಲಿಯ ಹಣ 'ಸೋಮ್'. 1993ರಲ್ಲಿ ರೂಬಲ್ ಬಿಟ್ಟು ಈ ಸ್ವಂತ ನಾಣ್ಯವನ್ನು ತಂದರು.

ರಜೆಯ ದಿನ ಬಂತೆಂದರೆ ಊರಿನವರು ಬೆಟ್ಟದ ಕಡೆ ಹೊರಡುತ್ತಾರೆ. ಸುಮಾರು 40 ಕಿಲೋಮೀಟರ್ ದೂರದ ಅಲಾಅರ್ಚಾ ರಾಷ್ಟ್ರೀಯ ಉದ್ಯಾನದಲ್ಲಿ ಹಿಮನದಿಯಿಂದ ಇಳಿದು ಬರುವ ಹೊಳೆ, ದೇವದಾರು ಜಾತಿಯ ಮರಗಳು, ಕಾಲುದಾರಿಗಳಿವೆ.

ನೆನಪಿನಲ್ಲೇ ಉಳಿದ ಮಹಾಕಾವ್ಯ

ಚೌಕದಲ್ಲಿ ಕುದುರೆಯೇರಿ ನಿಂತಿರುವ ಮನಸ್ ಯಾರು? ಕಿರ್ಗಿಜರ ಮಹಾಕಾವ್ಯದ ನಾಯಕ. ಈ ಕಾವ್ಯವನ್ನು ಬರೆದವರಿಲ್ಲ, ಹಾಡಿದವರಿದ್ದಾರೆ. ಅವರನ್ನು 'ಮನಸ್‌ಚಿ' ಎನ್ನುತ್ತಾರೆ. ಸಯಾಕ್ಬಾಯ್ ಕರಲಾಯೆವ್ ಎಂಬ ಹಾಡುಗಾರನ ಬಾಯಿಂದ ಬರೆದುಕೊಂಡ ಪಾಠ ಐದು ಲಕ್ಷ ಸಾಲುಗಳಷ್ಟಿದೆ. ನಮ್ಮ ಮಹಾಭಾರತಕ್ಕಿಂತಲೂ ಉದ್ದ! ಬುರ್ರಕಥೆಯ ದರೋಜಿ ಈರಮ್ಮ ಅಕ್ಷರ ಕಲಿಯದೆಯೇ ಕಾವ್ಯಗಳನ್ನು ನಾಲಗೆಯ ಮೇಲೆ ಇಟ್ಟುಕೊಂಡಿದ್ದರೆಂಬುದನ್ನು ಬಲ್ಲ ಬಳ್ಳಾರಿ ಸೀಮೆಯವರಿಗೆ ಇದು ನಂಬಲಾಗದ ಸಂಗತಿಯೇನಲ್ಲ.

ಇನ್ನೊಬ್ಬ ದೊಡ್ಡವರು ಚಿಂಗೀಜ್ ಐತ್ಮಾತೊವ್ (1928–2008). 1958ರಲ್ಲಿ ಬಂದ 'ಜಮೀಲ್ಯಾ' ಎಂಬ ಪುಟ್ಟ ಕಾದಂಬರಿ ಅವರನ್ನು ಜಗತ್ತಿಗೆ ಪರಿಚಯಿಸಿತು. ಅವರ 'ಮೊದಲ ಗುರು' ಎಂಬ ಕಥೆಯಲ್ಲಿ ಹೆಚ್ಚು ಓದು ಬಾರದ ಯುವಕನೊಬ್ಬ ಬೆಟ್ಟದ ಹಳ್ಳಿಗೆ ಬಂದು, ಹಳೆಯ ಲಾಯವನ್ನು ಶಾಲೆ ಮಾಡಿ ಮಕ್ಕಳಿಗೆ ಅಕ್ಷರ ಕಲಿಸುತ್ತಾನೆ. ಐತ್ಮಾತೊವ್ ಅವರ ತಂದೆಯನ್ನು ಸ್ಟಾಲಿನ್ ಕಾಲದಲ್ಲಿ, 1938ರಲ್ಲಿ, ಗುಂಡಿಟ್ಟು ಕೊಂದಿದ್ದರು. ದೇಹ ಎಲ್ಲಿದೆಯೆಂದು ಮನೆಯವರಿಗೆ ತಿಳಿದದ್ದು 1991ರಲ್ಲಿ, ಬಿಷ್ಕೆಕ್‌ನ ಹೊರವಲಯದ ಗುಡ್ಡದಲ್ಲಿ ನೂರಕ್ಕೂ ಹೆಚ್ಚು ಜನರ ಅವಶೇಷಗಳು ದೊರೆತಾಗ. ಆ ಜಾಗ ಈಗ 'ಅತಾ ಬೆಯಿತ್', ಎಂದರೆ 'ತಂದೆಯರ ಸಮಾಧಿ' ಎಂಬ ಸ್ಮಾರಕ. 2008ರಲ್ಲಿ ಮಗನನ್ನೂ ಅಲ್ಲಿಯೇ ಮಣ್ಣು ಮಾಡಿದರು.

ಚಳಿ, ಹೊಗೆ ಮತ್ತು ಊಟ

ಬಳ್ಳಾರಿಯ ಬಿಸಿಲಿಗೆ ಹೆಸರಿದೆ. ಇಲ್ಲಿ ಬೆಳೆದವರಿಗೆ ಬಿಷ್ಕೆಕ್‌ನ ಬೇಸಿಗೆ ಏನೂ ಅನಿಸದು. ಕಷ್ಟ ಇರುವುದು ಚಳಿಗಾಲದಲ್ಲಿ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹಿಮ ಬೀಳುತ್ತದೆ. ಉಷ್ಣಾಂಶ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಕೆಲವು ರಾತ್ರಿ ಮೈನಸ್ 20 ಡಿಗ್ರಿಯ ಹತ್ತಿರಕ್ಕೂ ಹೋಗುವುದುಂಟು. ಕಟ್ಟಡಗಳ ಒಳಗೆ ಕೊಳವೆಗಳಲ್ಲಿ ಬಿಸಿನೀರು ಹರಿಸಿ ಬೆಚ್ಚಗಿಡುವ ಸೋವಿಯತ್ ಕಾಲದ ಏರ್ಪಾಡು ಇದೆ. ಆ ನೀರನ್ನು ಕಾಯಿಸುವ ದೊಡ್ಡ ಸ್ಥಾವರ ಉರಿಸುವುದು ಕಲ್ಲಿದ್ದಲನ್ನು. ಹೊರವಲಯದ ಮನೆಗಳ ಒಲೆಯಲ್ಲೂ ಕಲ್ಲಿದ್ದಲೇ. ಹೀಗಾಗಿ ಚಳಿಗಾಲದಲ್ಲಿ ಹೊಗೆ ಕಣಿವೆಯಲ್ಲಿ ಕವಿದು ನಿಲ್ಲುತ್ತದೆ. ಜಗತ್ತಿನ ಅತಿ ಕೆಟ್ಟ ಗಾಳಿಯ ನಗರಗಳ ಸಾಲಿನಲ್ಲಿ ಬಿಷ್ಕೆಕ್ ಹೆಸರು ಕೆಲವು ಚಳಿಗಾಲಗಳಲ್ಲಿ ಮೇಲೇರಿದ್ದಿದೆ. ಉಬ್ಬಸದ ತೊಂದರೆ ಇರುವ ಮಕ್ಕಳ ತಂದೆತಾಯಿ ಇದನ್ನು ಅವಶ್ಯ ಗಮನಿಸಬೇಕು. ಕರಪತ್ರದಲ್ಲಿ ಬೆಟ್ಟದ ಚಿತ್ರವಿರುತ್ತದೆ, ಹೊಗೆಯ ಚಿತ್ರವಿರುವುದಿಲ್ಲ.

ಊಟದ ಮಾತಿಗೆ ಬಂದರೆ, ಅದು ಮಾಂಸಾಹಾರಿಗಳ ನಾಡು. ಕುರಿ, ದನ, ಕುದುರೆ ಎಲ್ಲವೂ ಅಡುಗೆಗೆ ಬರುತ್ತವೆ. ನಮ್ಮ ಪಲಾವಿನ ಬಂಧುವಾದ 'ಪಲೋ', ಸಮೋಸದ ಬಂಧುವಾದ 'ಸಮ್ಸಾ', ಕೈಯಲ್ಲಿ ಎಳೆದು ಮಾಡುವ ಶಾವಿಗೆಯಂಥ 'ಲಗ್ಮನ್', ಹಬ್ಬಕ್ಕೆ ಎಣ್ಣೆಯಲ್ಲಿ ಕರಿದ 'ಬೋರ್ಸೊಕ್' ಅಲ್ಲಿಯ ಮೆಚ್ಚಿನ ತಿನಿಸುಗಳು. ಸಸ್ಯಾಹಾರಿಗಳು ಹೊರಗೆ ತಿನ್ನುವಾಗ ಕೇಳಿ ತಿನ್ನಬೇಕು. ಭಾರತೀಯ ವಿದ್ಯಾರ್ಥಿಗಳು ಹೆಚ್ಚಾದಂತೆ ಅನ್ನ, ಸಾರು, ಚಪಾತಿ ನೀಡುವ ಮೆಸ್ಸುಗಳೂ ಬಂದಿವೆ. ಆದರೆ ಜೋಳದ ರೊಟ್ಟಿ, ಎಣ್ಣೆಗಾಯಿ ಸಿಗುವುದೆಂಬ ಆಸೆ ಬೇಡ! ಅಡುಗೆ ಕಲಿತು ಹೋದ ಹುಡುಗ ಸುಖಿ.

ಮಾರ್ಚ್ 21ರಂದು ಅಲ್ಲಿ 'ನೋರುಜ್', ಅವರ ಹೊಸ ವರ್ಷದ ಹಬ್ಬ. ಮೊಳಕೆ ಗೋಧಿಯನ್ನು ರಾತ್ರಿಯಿಡೀ ಕಾಯಿಸಿ 'ಸುಮೊಲೊಕ್' ಎಂಬ ಸಿಹಿ ಮಾಡುತ್ತಾರೆ. ನಮ್ಮ ಯುಗಾದಿಯೂ ಅದೇ ಆಸುಪಾಸಿನಲ್ಲಿ ಬರುತ್ತದೆ. ಮನೆ ಬಿಟ್ಟು ದೂರವಿರುವ ಮಕ್ಕಳಿಗೆ ಇದೂ ಒಂದು ಸಮಾಧಾನ.

ರೋಗಿಯ ಮಾತು ತಿಳಿಯಬೇಡವೇ?

ಈಗ ಮುಖ್ಯ ವಿಷಯಕ್ಕೆ ಬರೋಣ. 2024ರ ನೀಟ್ ಪರೀಕ್ಷೆಗೆ ಹೆಸರು ನೋಂದಾಯಿಸಿದವರು ಸುಮಾರು 24 ಲಕ್ಷ. ದೇಶದಲ್ಲಿ ಆಗ ಇದ್ದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಅವುಗಳಲ್ಲಿ ಸರ್ಕಾರಿ ಕಾಲೇಜುಗಳದ್ದು ಹೆಚ್ಚು ಕಡಿಮೆ ಅರ್ಧ. ಬಳ್ಳಾರಿಯಲ್ಲಿ 1961ರಿಂದಲೂ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಜನ 'ವಿಮ್ಸ್' ಎಂದು ಕರೆದು ರೂಢಿಯಾದ ಅದೇ ಸಂಸ್ಥೆ. ಮನೆಯ ಬಾಗಿಲಲ್ಲಿ ಕಾಲೇಜಿದ್ದರೂ ಅದರೊಳಗೆ ಹೋಗುವ ಬಾಗಿಲು ಕಿರಿದು. ಹೀಗಾಗಿ ಮಕ್ಕಳು ಹೊರಗೆ ನೋಡುತ್ತಾರೆ. ಮೊದಲು ರಷ್ಯಾ, ಉಕ್ರೇನ್ ಕಡೆ ಹೋಗುತ್ತಿದ್ದವರು ಹೆಚ್ಚು. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಾಳಿಗೆ ಸಿಕ್ಕಿ ಸತ್ತದ್ದನ್ನು ಕನ್ನಡಿಗರು ಮರೆತಿಲ್ಲ. ಉಕ್ರೇನಿನ ಬಾಗಿಲು ಮುಚ್ಚಿದ ಮೇಲೆ ಮಧ್ಯ ಏಷ್ಯಾದ ಕಡೆ ನೋಡುವವರು ಹೆಚ್ಚಿದರು.

ಬಿಷ್ಕೆಕ್‌ನ ಹಳೆಯ ವೈದ್ಯಕೀಯ ಸಂಸ್ಥೆ ಕಿರ್ಗಿಜ್ ರಾಜ್ಯ ವೈದ್ಯಕೀಯ ಅಕಾಡೆಮಿ. 1939ರಲ್ಲಿ ಆರಂಭವಾದ ಇದಕ್ಕೆ ದೇಶದ ಹಿರಿಯ ಶಸ್ತ್ರವೈದ್ಯ ಈಸಾ ಅಖುನ್‌ಬಾಯೆವ್ ಅವರ ಹೆಸರಿಟ್ಟಿದ್ದಾರೆ. ಇದರ ಜೊತೆಗೆ ಸರ್ಕಾರಿ, ಖಾಸಗಿ ಕಾಲೇಜುಗಳು ಇನ್ನೂ ಹಲವಿವೆ. ಎಲ್ಲವೂ ಒಂದೇ ಮಟ್ಟದವಲ್ಲ.

ತರಗತಿಯಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ ಎಂದು ಕರಪತ್ರ ಹೇಳುತ್ತದೆ. ಸರಿ. ಆದರೆ ಆಸ್ಪತ್ರೆಯ ಮಂಚದ ಮೇಲೆ ಮಲಗಿದ ಮುದುಕಿ ಯಾವ ಭಾಷೆಯಲ್ಲಿ ನರಳುತ್ತಾಳೆ? ಕಿರ್ಗಿಜ್‌ನಲ್ಲಿ ಅಥವಾ ರಷ್ಯನ್‌ನಲ್ಲಿ. ಮೊದಲನೆಯದು ಅಲ್ಲಿಯ ರಾಜ್ಯಭಾಷೆ, ಎರಡನೆಯದು ಅಧಿಕೃತ ಭಾಷೆ. ನೋವು ಎಂದಿನಿಂದ, ಎಲ್ಲಿ ಶುರುವಾಯಿತು, ಯಾವಾಗ ಹೆಚ್ಚು ಎಂದು ಕೇಳಿ ತಿಳಿಯುವುದರಲ್ಲಿಯೇ ವೈದ್ಯವಿದ್ಯೆಯ ಅರ್ಧ ಪಾಲು ಇದೆ. ಬಳ್ಳಾರಿಯ ಆಸ್ಪತ್ರೆಯಲ್ಲಿ ಒಳ್ಳೆಯ ಡಾಕ್ಟರು ಒಬ್ಬ ರೋಗಿಯ ಹತ್ತಿರ ಕನ್ನಡದಲ್ಲಿ, ಮುಂದಿನವನ ಹತ್ತಿರ ತೆಲುಗಿನಲ್ಲಿ, ಮತ್ತೊಬ್ಬರ ಹತ್ತಿರ ಉರ್ದುವಿನಲ್ಲಿ ಮಾತಾಡುವುದನ್ನು ನಾವು ದಿನವೂ ನೋಡುತ್ತೇವೆ. ಆ ಮೂರು ಮಾತು ಬಾರದವನು ಇಲ್ಲಿ ಪಳಗಲಾರ. ಬಿಷ್ಕೆಕ್‌ನ ಲೆಕ್ಕವೂ ಅದೇ. ಇಂಗ್ಲಿಷ್ ತರಗತಿ, ಭಾರತೀಯರ ಮೆಸ್ಸು, ಭಾರತೀಯರ ಹಾಸ್ಟೆಲು ಎಂದು ಐದು ವರ್ಷ ಕಳೆದ ವಿದ್ಯಾರ್ಥಿಗೆ ಪದವಿ ಸಿಗಬಹುದು, ರೋಗಿಯ ಅನುಭವ ಸಿಗುವುದಿಲ್ಲ. ಮೊದಲ ದಿನದಿಂದಲೇ ಊರಿನ ಭಾಷೆ ಕಲಿಯುವವನಿಗೆ ಆಸ್ಪತ್ರೆಯೇ ಪಾಠಶಾಲೆಯಾಗುತ್ತದೆ.

ಭಾಷೆ ಅಷ್ಟೇನೂ ಪರಕೀಯವಲ್ಲ. ಪಾರ್ಸಿ, ಅರಬ್ಬಿಯ ಮೂಲಕ ನಮಗೂ ಅವರಿಗೂ ಬಂದ ಶಬ್ದಗಳು ಬೇಕಾದಷ್ಟಿವೆ. ಬಜಾರಿಗೆ 'ಬಜಾರ್', ಪುಸ್ತಕಕ್ಕೆ 'ಕಿತೆಪ್', ಗೆಳೆಯನಿಗೆ 'ದೋಸ್'. ನಾವು ದವಾಖಾನೆ ಎಂದಂತೆ ಅವರಿಗೆ ಔಷಧದ ಅಂಗಡಿ 'ದಾರಿಕಾನ', ಆಸ್ಪತ್ರೆ 'ಓರುಕಾನ'. ಗುರುತಿಲ್ಲದ ಹಿರಿಯರನ್ನೂ ಅವರು 'ಬೈಕೆ' (ಅಣ್ಣ), 'ಎಜೆ' (ಅಕ್ಕ) ಎಂದೇ ಕರೆಯುವುದು. ನಮ್ಮ ಬಸ್ ನಿಲ್ದಾಣದಲ್ಲಿ ಕೇಳುವ 'ಅಣ್ಣಾ', 'ಅಕ್ಕಾ'ಗಳ ಹಾಗೆಯೇ. ಒಂದು ಕಡೆ ಮಾತ್ರ ಎಚ್ಚರ: ಅಲ್ಲಿ 'ಅಪಾ' ಎಂದರೆ ತಾಯಿ!

ಮರೆಮಾಚಬಾರದ ಮಾತುಗಳು

ಬಿಷ್ಕೆಕ್ ದಂಗೆಗಳನ್ನೂ ಕಂಡ ಊರು. 2005ರಲ್ಲಿ, 2010ರಲ್ಲಿ, ಮತ್ತೆ 2020ರಲ್ಲಿ ಜನ ಬೀದಿಗಿಳಿದು ಸರ್ಕಾರಗಳನ್ನು ಕೆಳಗಿಳಿಸಿದರು. 2010ರ ಏಪ್ರಿಲ್‌ನಲ್ಲಿ ಅಲಾತೂ ಚೌಕದ ಸುತ್ತ ಗುಂಡಿನ ದಾಳಿಯಲ್ಲಿ ಹಲವಾರು ಮಂದಿ ಪ್ರಾಣ ಕಳೆದುಕೊಂಡರು.

ವಿದ್ಯಾರ್ಥಿಗಳನ್ನೇ ಗುರಿ ಮಾಡಿದ ಘಟನೆಯೂ ನಡೆದಿದೆ. ಸ್ಥಳೀಯರಿಗೂ ವಿದೇಶೀಯರಿಗೂ ನಡೆದ ಜಗಳವೊಂದರ ವೀಡಿಯೊ ಹರಡಿ, 2024ರ ಮೇ 17ರ ರಾತ್ರಿ ಗುಂಪುಗಳು ವಿದೇಶೀ ವಿದ್ಯಾರ್ಥಿಗಳ ಹಾಸ್ಟೆಲುಗಳಿಗೆ ನುಗ್ಗಿದವು. ಪಾಕಿಸ್ತಾನ, ಭಾರತ, ಬಾಂಗ್ಲಾದೇಶದ ಮಕ್ಕಳು ಕೋಣೆಗಳ ಬಾಗಿಲು ಹಾಕಿಕೊಂಡು ರಾತ್ರಿ ಕಳೆದರು. ಹಲವರು ಗಾಯಗೊಂಡರು. ಹೊರಗೆ ಬರಬೇಡಿ ಎಂದು ಭಾರತದ ರಾಯಭಾರ ಕಚೇರಿ ಸೂಚನೆ ನೀಡಿತು. ಕೆಲವು ದಿನಗಳಲ್ಲಿ ಊರು ಶಾಂತವಾಯಿತು, ತರಗತಿಗಳು ಮುಂದುವರಿದವು. ಆ ರಾತ್ರಿ ಇಲ್ಲಿ ಫೋನು ಹಿಡಿದು ಕುಳಿತ ತಂದೆತಾಯಿಗಳ ಪಾಡನ್ನು ಮಾತ್ರ ಊಹಿಸಬಹುದು. ಇದನ್ನು ಹೇಳುವುದು ಹೆದರಿಸುವುದಕ್ಕಲ್ಲ. ಊರಿನ ಬಹುಪಾಲು ಜನ ಅತಿಥಿಯನ್ನು ಆದರಿಸುವವರೇ. ಆದರೆ ಚಹದ ಬಟ್ಟಲು ಒಂದನ್ನೇ ತೋರಿಸಿ ಆ ರಾತ್ರಿಯನ್ನು ಮುಚ್ಚಿಟ್ಟರೆ ಅದು ಸರಿಯಾದ ಪರಿಚಯವಾಗದು.

ಓದಿನ ಲೆಕ್ಕದಲ್ಲೂ ಕಹಿ ಸತ್ಯವಿದೆ. ಹೊರದೇಶದಲ್ಲಿ ಓದಿ ಬಂದವರು ಇಲ್ಲಿ ವೈದ್ಯವೃತ್ತಿ ಮಾಡಲು 'ಎಫ್.ಎಂ.ಜಿ.ಇ.' ಎಂಬ ಅರ್ಹತಾ ಪರೀಕ್ಷೆ ಬರೆಯಬೇಕು. 300 ಅಂಕಗಳಿಗೆ 150 ಬಂದರೆ ತೇರ್ಗಡೆ. 2024ರ ಜೂನ್‌ನ ಫಲಿತಾಂಶದಲ್ಲಿ, ಎಲ್ಲ ದೇಶಗಳಿಂದ ಬಂದವರನ್ನೂ ಸೇರಿಸಿ, ಐದು ಜನರಲ್ಲಿ ಹೆಚ್ಚು ಕಡಿಮೆ ಒಬ್ಬರು ತೇರ್ಗಡೆಯಾದರು. ಉಳಿದ ನಾಲ್ವರ ಮನೆಗಳಲ್ಲೂ ಹೊಲವೋ ಒಡವೆಯೋ ಅಡವಿಟ್ಟಿರಬಹುದು.

ಹೊರಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರ್‌ನಲ್ಲಿ ಪ್ರಕಟಿಸಿದ ನಿಯಮಗಳನ್ನು ಮುಂದಿಟ್ಟುಕೊಂಡು ತಂದೆತಾಯಿ ಈ ಪ್ರಶ್ನೆಗಳನ್ನು ಕೇಳಬೇಕು.

1. ಕೋರ್ಸು ಕನಿಷ್ಠ 54 ತಿಂಗಳದ್ದೇ? ಪಾಠ ಇಂಗ್ಲಿಷ್ ಮಾಧ್ಯಮದಲ್ಲಿಯೇ?

2. ಅದಲ್ಲದೆ 12 ತಿಂಗಳ ಇಂಟರ್ನ್‌ಶಿಪ್ ಅದೇ ಸಂಸ್ಥೆಯಲ್ಲಿ ಸಿಗುತ್ತದೆಯೇ? ನಡುವೆ ಕಾಲೇಜು ಬದಲಾಯಿಸಿದರೆ ತೊಂದರೆ.

3. ಈ ಪದವಿ ಪಡೆದವರಿಗೆ ಆ ದೇಶದಲ್ಲಿಯೇ ವೈದ್ಯರಾಗಿ ಕೆಲಸ ಮಾಡಲು ಅಲ್ಲಿಯ ಪ್ರಜೆಗಳಂತೆಯೇ ಅರ್ಹತೆ ಇದೆಯೇ?

4. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಅಥವಾ ಬೇರೆ ಆಸ್ಪತ್ರೆಗಳಿಗೆ ಕಳಿಸುತ್ತಾರೆಯೇ? ಒಂದು ತಂಡದಲ್ಲಿ ಎಷ್ಟು ವಿದ್ಯಾರ್ಥಿಗಳು?

5. ಮರಳಿ ಬಂದ ಮೇಲೆ ಪರೀಕ್ಷೆ ಮತ್ತು ಇಲ್ಲಿಯ 12 ತಿಂಗಳ ಇಂಟರ್ನ್‌ಶಿಪ್ ಸೇರಿಸಿದರೆ ಒಟ್ಟು ಎಷ್ಟು ವರ್ಷ, ಎಷ್ಟು ಹಣ? ಎಲ್ಲವನ್ನೂ ಹತ್ತು ವರ್ಷದೊಳಗೆ ಮುಗಿಸಬೇಕೆಂಬುದು ನಿಯಮ.

ಉತ್ತರಗಳನ್ನು ಏಜೆಂಟರ ಬಾಯಿಂದಷ್ಟೇ ಕೇಳಿ ಸುಮ್ಮನಾಗಬೇಡಿ. ಆಯೋಗದ ಹಾಗೂ ಬಿಷ್ಕೆಕ್‌ನ ಭಾರತೀಯ ರಾಯಭಾರ ಕಚೇರಿಯ ಪ್ರಕಟಣೆಗಳನ್ನು ನೋಡಿ. ನಿಯಮಗಳು ಆಗಾಗ ಬದಲಾಗುತ್ತವೆ. ಅಲ್ಲಿ ಓದುತ್ತಿರುವ ನಮ್ಮ ಕಡೆಯ ಮಕ್ಕಳೊಂದಿಗೆ ಮಾತಾಡಿ. ಮೊದಲ ವರ್ಷದವರಿಗಿಂತ ಕೊನೆಯ ವರ್ಷದವರನ್ನು ಕೇಳುವುದು ಮೇಲು. ಹೋದ ಕೂಡಲೇ ವಿದೇಶಾಂಗ ಸಚಿವಾಲಯದ 'ಮದದ್' ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಿ. ಅಪಾಯದ ಕಾಲದಲ್ಲಿ ಅದೇ ಆಸರೆ.

ಮತ್ತೆ ಸತ್ಯನಾರಾಯಣಪೇಟೆಯ ಆ ಮನೆಗೆ ಬರೋಣ. ಮಗಳು ಕೇಳಿದ ಪ್ರಶ್ನೆಗೆ ಈಗ ಅಪ್ಪ ಏನಾದರೂ ಹೇಳಬಲ್ಲ. ಊರು ಚೆನ್ನಾಗಿದೆ, ಬೆಟ್ಟವಿದೆ, ಬೀದಿಯುದ್ದಕ್ಕೂ ನೆರಳಿದೆ. ಚಳಿಯೂ ಹೊಗೆಯೂ ಇದೆ. ಜನ ನಮ್ಮಂತೆಯೇ ಅಣ್ಣ ಅಕ್ಕ ಎನ್ನುತ್ತಾರೆ, ಒಮ್ಮೊಮ್ಮೆ ಸಿಟ್ಟಿಗೂ ಏಳುತ್ತಾರೆ. ಅಲ್ಲಿಯ ಮಾತು ಕಲಿಯುವ ಮನಸ್ಸಿದ್ದರೆ ಹೋಗು; ಬರೀ ಡಿಗ್ರಿಗಾಗಿ ಆದರೆ ಬೇಡ, ಇಲ್ಲೇ ಇನ್ನೊಂದು ವರ್ಷ ಓದು, ಇಲ್ಲವೇ ಬೇರೆ ಕೋರ್ಸು ನೋಡೋಣ. ಇಷ್ಟನ್ನು ಅಪ್ಪ ಹೇಳಿ, ಮಗಳು ಒಂದು ರಾತ್ರಿ ಯೋಚಿಸಿ ಉತ್ತರ ಕೊಟ್ಟರೆ, ಆ ಉತ್ತರ ಹೋಗುವೆನೆಂದಾಗಲಿ ಒಲ್ಲೆನೆಂದಾಗಲಿ, ತಿಳಿದು ಕೊಟ್ಟ ಉತ್ತರವಾಗಿರುತ್ತದೆ.

ಕಡಗೋಲನ್ನು ಒಂದೆರಡು ಸುತ್ತು ತಿರುಗಿಸಿದರೆ ಬೆಣ್ಣೆ ಬರುವುದಿಲ್ಲವೆಂದು ನಮ್ಮ ಮನೆಯ ಹೆಂಗಸರಿಗೆ ಗೊತ್ತು. ಕಡಗೋಲಿನ ಹೆಸರಿನ ಆ ಊರಿಗೆ ಹೋಗುವ ಮಕ್ಕಳೂ ಅದನ್ನು ನೆನಪಿಟ್ಟುಕೊಂಡರೆ ಒಳಿತು.